ವಾಟರ್ ಪಂಪ್ ನೀವೇ ಬದಲಿಸಿದರೆ ಎಷ್ಟು ಉಳಿಯುತ್ತದೆ, ಗ್ಯಾರೇಜಿಗೆ ಕೊಟ್ಟರೆ ಎಷ್ಟು ಹೋಗುತ್ತದೆ?

ಒಂದೇ ಗ್ಯಾರೇಜ್, ಒಬ್ಬನೇ ಮೆಕ್ಯಾನಿಕ್. ಎರಡು ಕಾರುಗಳಿಗೆ ವಾಟರ್ ಪಂಪ್ ಬದಲಿಸಬೇಕು. ಎರಡು ಪಂಪುಗಳ ಬೆಲೆಯೂ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಕಾರಿನ ಬಿಲ್ ಇನ್ನೊಂದರ ಮೂರು ಪಟ್ಟು ಬರಬಹುದು. ಇದರಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ. ಖರ್ಚನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆ ಪಂಪ್ ಎಂಜಿನ್ನಿನ ಯಾವ ಜಾಗದಲ್ಲಿ ಕೂತಿದೆ, ಅದನ್ನು ಯಾವುದು ತಿರುಗಿಸುತ್ತದೆ ಎಂಬುದು. ನೀವೇ ಬಿಚ್ಚಿ ಹಾಕುವುದು ಲಾಭವೋ ನಷ್ಟವೋ ಎಂಬುದೂ ಅದರ ಮೇಲೆಯೇ ನಿಂತಿದೆ.

ಹಾಗಾಗಿ "ಮನೆಯಲ್ಲೇ ಮಾಡಿದರೆ ಅರ್ಧ ದುಡ್ಡು ಉಳಿಯುತ್ತೆ" ಎಂಬ ಮಾತು ಕೆಲವು ಕಾರುಗಳಿಗೆ ನಿಜ, ಕೆಲವಕ್ಕೆ ಅಪಾಯ. ನಿಮ್ಮ ಕಾರು ಯಾವ ಗುಂಪಿಗೆ ಸೇರುತ್ತದೆ ಅಂತ ತಿಳಿದುಕೊಂಡರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಂಪ್ ಮಾಡುವ ಕೆಲಸ, ಕೆಡುವ ಬಗೆ

ಎಂಜಿನ್ ಒಳಗೆ ಇಂಧನ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಒಂದು ಪಾಲು ಮಾತ್ರ. ಇನ್ನೊಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೋಗುತ್ತದೆ. ಸುಮಾರು ಮೂರನೇ ಒಂದು ಭಾಗದಷ್ಟು ಬಿಸಿಯನ್ನು ಕೂಲೆಂಟ್ ಎಂಬ ತಣಿಸುವ ದ್ರವ ಹೊತ್ತುಕೊಂಡು ರೇಡಿಯೇಟರಿಗೆ ತಲುಪಿಸಬೇಕು. ಕೂಲೆಂಟ್ ತಾನಾಗಿ ಅಷ್ಟು ಬೇಗ ಹರಿಯುವುದಿಲ್ಲ. ಅದನ್ನು ತಳ್ಳುವುದೇ ವಾಟರ್ ಪಂಪಿನ ಕೆಲಸ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಷ್ಟೂ ಹೊತ್ತು ಅದು ತಿರುಗುತ್ತಲೇ ಇರುತ್ತದೆ.

ಒಳಗಿನ ರಚನೆ ಸರಳ. ಒಂದು ಶಾಫ್ಟ್. ಅದರ ಒಂದು ತುದಿಯಲ್ಲಿ ರೆಕ್ಕೆಗಳಿರುವ ಚಕ್ರ, ಅದಕ್ಕೆ ಇಂಪೆಲ್ಲರ್ ಅನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಪುಲ್ಲಿ. ನಡುವೆ ಬೇರಿಂಗ್. ಕೂಲೆಂಟ್ ಬೇರಿಂಗಿಗೆ ನುಗ್ಗದಂತೆ ತಡೆಯಲು ಒಂದು ಸೀಲ್. ಸಾಮಾನ್ಯವಾಗಿ ಮೊದಲು ಸೋಲುವುದು ಈ ಸೀಲ್. ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ಇಳಿದು ಅದರ ಗ್ರೀಸನ್ನು ತೊಳೆದುಹಾಕುತ್ತದೆ. ಆಮೇಲೆ ಬೇರಿಂಗ್ ಗರಗರ ಸದ್ದು ಮಾಡುತ್ತದೆ, ಪುಲ್ಲಿ ಅಲುಗಾಡುತ್ತದೆ, ಕೊನೆಗೆ ಬೆಲ್ಟನ್ನೂ ಹಾಳುಮಾಡುತ್ತದೆ.

ಇದನ್ನು ಮೊದಲೇ ತಿಳಿಸಲೆಂದೇ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲ್ ದಾಟಿ ಬಂದ ಕೂಲೆಂಟ್ ಬೇರಿಂಗಿಗೆ ಹೋಗುವ ಬದಲು ಆ ತೂತಿನಿಂದ ಹೊರಗೆ ಸೋರುತ್ತದೆ. ತೂತಿನ ಕೆಳಗೆ ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಗೆರೆ ಕಂಡರೆ ಪಂಪಿನ ದಿನ ಮುಗಿಯುತ್ತಾ ಬಂದಿದೆ ಅಂತ ಅರ್ಥ. ಆ ತೂತನ್ನು ಅಂಟು ಹಾಕಿ ಮುಚ್ಚುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋರುವುದು ಕಣ್ಣಿಗೆ ಕಾಣದಂತಾಗುತ್ತದೆ, ಬೇರಿಂಗ್ ಮಾತ್ರ ಒಳಗೊಳಗೇ ಸಾಯುತ್ತದೆ.

ಖರ್ಚು ಮಾಡುವ ಮುನ್ನ: ಕೆಟ್ಟಿರುವುದು ಪಂಪೇನಾ?

ಎಂಜಿನ್ ಬಿಸಿಯಾಯಿತು ಎಂದ ಕೂಡಲೇ ಪಂಪ್ ತರಲು ಓಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಬಿಸಿಯಾಗಲು ಹತ್ತು ಕಾರಣಗಳಿರುತ್ತವೆ. ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿನ ದಾರಿ ತೆರೆಯುವ ವಾಲ್ವ್), ತಿರುಗದ ಫ್ಯಾನ್, ಒತ್ತಡ ಹಿಡಿಯದ ರೇಡಿಯೇಟರ್ ಕ್ಯಾಪ್, ಕಟ್ಟಿಕೊಂಡ ರೇಡಿಯೇಟರ್, ಬಿರಿದ ಹೋಸ್, ಸುಟ್ಟ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಪದರ), ಎಲ್ಲದರ ಲಕ್ಷಣವೂ ಒಂದೇ. ಇವುಗಳಲ್ಲಿ ಥರ್ಮೋಸ್ಟಾಟ್ ಮತ್ತು ಕ್ಯಾಪ್ ತೀರಾ ಅಗ್ಗದ ಸಾಮಾನುಗಳು. ಅವನ್ನು ಬಿಟ್ಟು ಪಂಪ್ ಬದಲಿಸಿದರೆ ದುಡ್ಡೂ ಹೋಯಿತು, ತೊಂದರೆಯೂ ಹಾಗೇ ಉಳಿಯಿತು.

ಪಂಪಿನದ್ದೇ ಆದ ಗುರುತುಗಳು ಮೂರು. ಒಂದು, ಆಗಲೇ ಹೇಳಿದ ತೂತಿನಿಂದ ಸೋರಿಕೆ. ಎರಡು, ಎಂಜಿನ್ ಆರಿಸಿ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಆಟ ಕಾಣುವುದು, ಇಲ್ಲವೇ ತಿರುಗಿಸಿದಾಗ ಕಲ್ಲು ಸಿಕ್ಕಂತೆ ಗರಗರ ಅನ್ನುವುದು. ಮೂರು, ಸೋರಿಕೆ ಎಲ್ಲೂ ಇಲ್ಲ, ಥರ್ಮೋಸ್ಟಾಟ್ ಚೆನ್ನಾಗಿದೆ, ಕೂಲೆಂಟ್ ಭರ್ತಿ ಇದೆ, ಆದರೂ ಹೀಟರಿನಿಂದ ತಣ್ಣನೆ ಗಾಳಿ ಬರುವುದು, ಎಂಜಿನ್ ಮಿತಿಮೀರಿ ಬಿಸಿಯಾಗುವುದು. ಇಂಪೆಲ್ಲರಿನ ರೆಕ್ಕೆ ತುಕ್ಕು ಹಿಡಿದು ಸವೆದಿದ್ದರೆ, ಅಥವಾ ಪ್ಲಾಸ್ಟಿಕ್ ಇಂಪೆಲ್ಲರ್ ಶಾಫ್ಟಿನ ಮೇಲೆ ಸಡಿಲಾಗಿ ಜಾರುತ್ತಿದ್ದರೆ ಹೀಗಾಗುತ್ತದೆ. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುವುದರಿಂದ ಈ ಮೂರನೆಯದನ್ನು ಹಿಡಿಯುವುದೇ ಕಷ್ಟ.

ಸೋರಿಕೆ ಎಲ್ಲಿಂದ ಅಂತ ಖಚಿತ ಮಾಡಲು ಪ್ರೆಶರ್ ಟೆಸ್ಟರ್ ಎಂಬ ಸಣ್ಣ ಕೈಪಂಪ್ ಇದೆ. ತಣ್ಣಗಿರುವ ಎಂಜಿನ್ನಿನ ಕ್ಯಾಪ್ ಜಾಗಕ್ಕೆ ಅದನ್ನು ಸಿಕ್ಕಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು ಕಾಯಬೇಕು. ಹೆಚ್ಚಿನ ಕಾರುಗಳಲ್ಲಿ ಇದು ಸುಮಾರು 1 ಬಾರ್. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ಹುಡುಕಿದರೆ ಸಿಗುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬೇಗ ಮಾಡಿ ತೋರಿಸುತ್ತಾರೆ. ಪಂಪ್ ನೀವೇ ಬದಲಿಸುವ ಯೋಚನೆ ಇದ್ದರೂ ಈ ಪರೀಕ್ಷೆಗೆ ದುಡ್ಡು ಕೊಡುವುದು ನನ್ನ ಮಟ್ಟಿಗೆ ಒಳ್ಳೆಯ ಖರ್ಚು.

ಇನ್ನೊಂದು ಮಾತು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ಒತ್ತಡದಲ್ಲಿದ್ದಾಗ 125 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ನಿಲ್ಲಬಲ್ಲದು. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿದ್ದು ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.

ಗ್ಯಾರೇಜಿನ ಬಿಲ್ಲಿನಲ್ಲಿ ಏನೇನಿದೆ

ಬಿಲ್ಲನ್ನು ಒಡೆದು ನೋಡಿದರೆ ಮೂರು ಪಾಲು ಸಿಗುತ್ತದೆ. ಸಾಮಾನು, ಲೇಬರ್, ಕೂಲೆಂಟ್ ಮತ್ತು ಚಿಲ್ಲರೆ ವಸ್ತುಗಳು.

ಸಾಮಾನಿನ ಮೇಲೆ ಗ್ಯಾರೇಜಿನವರು ಸ್ವಲ್ಪ ಲಾಭ ಇಟ್ಟುಕೊಳ್ಳುತ್ತಾರೆ. ಇದನ್ನು ನೋಡಿ ಜನ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಆ ಪಂಪ್ ಮೂರು ತಿಂಗಳಿಗೆ ಸೋರಿದರೆ ಮತ್ತೆ ಬಿಚ್ಚಿ ಹಾಕುವ ಹೊಣೆ ಅವರದ್ದು. ಲಾಭದ ಒಂದು ಭಾಗ ಆ ಹೊಣೆಗೆ ಕೊಡುವ ಬೆಲೆ.

ಲೇಬರ್ ವಿಷಯದಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅನೇಕ ಗ್ಯಾರೇಜುಗಳು ನಿಜವಾಗಿ ಹಿಡಿದ ಹೊತ್ತಿಗೆ ಬಿಲ್ ಹಾಕುವುದಿಲ್ಲ. ಯಾವ ಕಾರಿಗೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಮೊದಲೇ ಗೊತ್ತು ಮಾಡಿದ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಮೂರು ಗಂಟೆ ಅಂತಿದ್ದರೆ ಮೆಕ್ಯಾನಿಕ್ ಎರಡು ಗಂಟೆಯಲ್ಲಿ ಮುಗಿಸಿದರೂ ಮೂರು ಗಂಟೆಯ ಬಿಲ್, ನಾಲ್ಕು ಗಂಟೆ ಹಿಡಿದರೂ ಮೂರೇ. ಹಾಗಾಗಿ ಮುಂಚಿತವಾಗಿ "ಈ ಕೆಲಸಕ್ಕೆ ಎಷ್ಟು ಗಂಟೆ ಹಾಕ್ತೀರಿ, ಗಂಟೆಗೆ ಎಷ್ಟು?" ಅಂತ ಕೇಳಿದರೆ ಉತ್ತರ ಸಿಗುತ್ತದೆ. ಎರಡು ಮೂರು ಗ್ಯಾರೇಜುಗಳಲ್ಲಿ ಇದೇ ಪ್ರಶ್ನೆ ಕೇಳಿ. ಒಟ್ಟು ಮೊತ್ತ ಕೇಳುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಎಲ್ಲ ನಿಂತಿರುವುದು ಪಂಪ್ ಇರುವ ಜಾಗದ ಮೇಲೆ

ಮೊದಲ ಬಗೆ: ಹೊರಗಿನ ಬೆಲ್ಟ್ ತಿರುಗಿಸುವ ಪಂಪ್. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ತಿರುಗಿಸುವ ಬೆಲ್ಟೇ ಪಂಪನ್ನೂ ತಿರುಗಿಸುತ್ತದೆ. ಬಾನೆಟ್ ತೆಗೆದರೆ ಪಂಪಿನ ಪುಲ್ಲಿ ಕಣ್ಣಿಗೆ ಕಾಣುತ್ತದೆ. ಕೂಲೆಂಟ್ ಇಳಿಸು, ಬೆಲ್ಟ್ ತೆಗೆ, ಪುಲ್ಲಿ ತೆಗೆ, ನಾಲ್ಕಾರು ಬೋಲ್ಟ್ ಬಿಚ್ಚು, ಪಂಪ್ ಕೈಗೆ ಬರುತ್ತದೆ. ಗ್ಯಾರೇಜಿನಲ್ಲಿ ಒಂದೂವರೆಯಿಂದ ಮೂರು ಗಂಟೆ ಕೆಲಸ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವ ಯಾರಾದರೂ ಮನೆಯಲ್ಲಿ ಮಾಡಬಹುದಾದದ್ದು ಇದು. ಕೆಲವು ಕಾರುಗಳಲ್ಲಿ ಜಾಗ ತೀರಾ ಇಕ್ಕಟ್ಟು. ಎಂಜಿನ್ ಅಡ್ಡಲಾಗಿ ಕೂತಿದ್ದರೆ ಒಂದು ಕಡೆಯ ಮೌಂಟ್ ಬಿಚ್ಚಿ ಎಂಜಿನ್ನನ್ನು ಜಾಕ್ ಮೇಲೆ ಸ್ವಲ್ಪ ಎತ್ತಬೇಕಾಗುತ್ತದೆ. ಆಗ ಸಮಯವೂ ಕಷ್ಟವೂ ಏರುತ್ತವೆ.

ಎರಡನೆಯ ಬಗೆ: ಟೈಮಿಂಗ್ ಬೆಲ್ಟ್ ತಿರುಗಿಸುವ ಪಂಪ್. ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ಓಡಿಸುವ ಹಲ್ಲಿನ ಬೆಲ್ಟ್ ಇದು. ಸುಬಾರುವಿನ ಇಜೆ ಸರಣಿಯ ಎಂಜಿನ್ನುಗಳು, ಹೋಂಡಾದ ಜೆ ಸರಣಿಯ ವಿ6 ಎಂಜಿನ್ನುಗಳು ಹೀಗೇ. ಇಲ್ಲಿ ಪಂಪ್ ತಲುಪಬೇಕಾದರೆ ಟೈಮಿಂಗ್ ಕವರ್ ತೆಗೆಯಬೇಕು, ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯ ಕ್ರ್ಯಾಂಕ್ ಪುಲ್ಲಿ ಬಿಚ್ಚಬೇಕು, ಟೈಮಿಂಗ್ ಬೆಲ್ಟನ್ನೇ ಇಳಿಸಬೇಕು. ನಾಲ್ಕರಿಂದ ಆರು ಗಂಟೆಯ ಲೇಬರ್ ಸಾಮಾನ್ಯ. ಕೆಲಸದ ಹೆಚ್ಚಿನ ಪಾಲು ದಾರಿ ಮಾಡಿಕೊಳ್ಳುವುದೇ. ಪಂಪ್ ಬಿಚ್ಚುವುದು ಕೊನೆಯ ಹತ್ತು ಹದಿನೈದು ನಿಮಿಷದ ಮಾತು.

ಇದರಿಂದಲೇ ಒಂದು ದೊಡ್ಡ ಉಳಿತಾಯದ ದಾರಿಯೂ ಹುಟ್ಟುತ್ತದೆ. ಟೈಮಿಂಗ್ ಬೆಲ್ಟಿಗೆ ಆಯುಷ್ಯ ಗೊತ್ತುಮಾಡಿರುತ್ತಾರೆ. ಕಾರಿನ ಮೇಲೆ ಹೊಂದಿಕೊಂಡು ಸಾಮಾನ್ಯವಾಗಿ 1 ಲಕ್ಷ ಕಿಲೋಮೀಟರ್ ಆಚೀಚೆ, ಅಥವಾ ಇಷ್ಟು ವರ್ಷ ಅಂತ. ಬೆಲ್ಟ್ ಬದಲಿಸುವ ದಿನ ಪಂಪನ್ನೂ ಬದಲಿಸಿದರೆ ಪಂಪಿಗೆ ಬೇರೆ ಲೇಬರ್ ಹೆಚ್ಚುಕಡಿಮೆ ಬರುವುದೇ ಇಲ್ಲ. ಹಳೆಯ ಪಂಪ್ ಇನ್ನೂ ಚೆನ್ನಾಗಿದೆ ಅಂತ ಬಿಟ್ಟರೆ, ಅದು ವರ್ಷದೊಳಗೆ ಸೋರಿದರೆ, ಅಷ್ಟೂ ಲೇಬರ್ ಮತ್ತೊಮ್ಮೆ ಕೊಡಬೇಕು. ಸೋರಿದ ಕೂಲೆಂಟ್ ಹೊಸ ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟೂ ಹೋಯಿತು. ಮೆಕ್ಯಾನಿಕ್ "ಪಂಪೂ ಹಾಕಿಬಿಡೋಣ" ಅಂದರೆ ಅದು ಸುಮ್ನೆ ಬಿಲ್ ಏರಿಸುವ ಮಾತಲ್ಲ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಎಲ್ಲ ಸೇರಿದ ಕಿಟ್‌ಗಳನ್ನು ಕಂಪನಿಗಳು ಮಾರುವುದೂ ಇದೇ ಕಾರಣಕ್ಕೆ.

ಮೂರನೆಯ ಬಗೆ ಅಪರೂಪ, ಆದರೆ ಅತಿ ದುಬಾರಿ. ಎಂಜಿನ್ನಿನ ಒಳಗೆ ಟೈಮಿಂಗ್ ಚೈನ್ (ಟೈಮಿಂಗ್ ಬೆಲ್ಟಿನ ಬದಲು ಇರುವ ಸರಪಳಿ) ತಿರುಗಿಸುವ ಪಂಪ್. ಫೋರ್ಡಿನ 3.5 ಲೀಟರ್ ವಿ6 ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಕಾರುಗಳಲ್ಲಿ ಹೀಗಿದೆ. ಚೈನಿನ ಕವರ್, ಚೈನ್, ಟೆನ್ಷನರ್ ಎಲ್ಲ ಬಿಚ್ಚಬೇಕು. ಹತ್ತು ಗಂಟೆ ದಾಟುವುದು ಆಶ್ಚರ್ಯವಲ್ಲ. ಇದಕ್ಕಿಂತ ದೊಡ್ಡ ಚಿಂತೆ ಎಂದರೆ ಸೀಲ್ ಪೂರ್ತಿ ಹೋದರೆ ಕೂಲೆಂಟ್ ನೇರವಾಗಿ ಎಂಜಿನ್ ಆಯಿಲಿಗೆ ಸೇರಬಹುದು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ ಮೇಲೂ ಓಡಿಸಿದರೆ ಎಂಜಿನ್ನಿನ ಬೇರಿಂಗುಗಳೇ ಹೋಗುತ್ತವೆ. ಇಂಥ ಕಾರಿನಲ್ಲಿ ಪಂಪಿನ ಅನುಮಾನ ಬಂದ ದಿನವೇ ಓಡಿಸುವುದು ನಿಲ್ಲಿಸಬೇಕು.

ನಾಲ್ಕನೆಯದು ಕರೆಂಟಿನಿಂದ ತಿರುಗುವ ಪಂಪ್. ಮೂರನೆಯ ತಲೆಮಾರಿನ ಟೊಯೋಟಾ ಪ್ರಿಯಸ್, ಬಿಎಂಡಬ್ಲ್ಯುವಿನ ಎನ್52 ಎಂಜಿನ್ ಇರುವ ಕಾರುಗಳು ಇದಕ್ಕೆ ಉದಾಹರಣೆ. ಬೆಲ್ಟ್ ಗೊಡವೆ ಇಲ್ಲ, ಬೋಲ್ಟುಗಳೂ ಕಡಿಮೆ. ಆದರೆ ಪಂಪಿನ ಬೆಲೆಯೇ ಜಾಸ್ತಿ, ಏಕೆಂದರೆ ಅದರೊಳಗೆ ಮೋಟರ್ ಮತ್ತು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಎರಡೂ ಇವೆ. ಲೇಬರ್ ಉಳಿಸಿದರೂ ಬಿಲ್ ಅಷ್ಟಾಗಿ ಇಳಿಯುವುದಿಲ್ಲ. ಗಾಳಿ ಹೊರಹಾಕುವ ಕ್ರಮವೂ ಬೇರೆ. ಎಂಜಿನ್ ಸ್ಟಾರ್ಟ್ ಮಾಡದೆ ಪಂಪನ್ನು ಮಾತ್ರ ಓಡಿಸಬೇಕಾಗುತ್ತದೆ. ಅದಕ್ಕೆ ಕೆಲವು ಕಾರುಗಳಲ್ಲಿ ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಸ್ಕ್ಯಾನರ್ ಬೇಕು.

ನೀವೇ ಮಾಡಿದಾಗ ಕಾಣದ ಖರ್ಚುಗಳು

ಅಂಗಡಿಯಲ್ಲಿ ಪಂಪಿನ ಬೆಲೆ ಕೇಳಿ, ಗ್ಯಾರೇಜಿನ ಮೊತ್ತದಿಂದ ಕಳೆದು, "ಇಷ್ಟು ಉಳಿಯಿತು" ಅನ್ನುವುದು ಸುಲಭ. ಆದರೆ ಆ ಲೆಕ್ಕದಲ್ಲಿ ಕೂಲೆಂಟ್ ಇಲ್ಲ. ಸಣ್ಣ ಕಾರಿಗೆ 4ರಿಂದ 6 ಲೀಟರ್, ದೊಡ್ಡ ಎಂಜಿನ್ನಿಗೆ 10 ಲೀಟರ್ ದಾಟಬಹುದು. ನಲ್ಲಿ ನೀರಿನಲ್ಲಿ ಕಲಸಬಾರದು, ಡಿಸ್ಟಿಲ್ಡ್ ನೀರು ಬೇಕು. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ, ಬಣ್ಣಕ್ಕೂ ಒಳಗಿನ ರಾಸಾಯನಿಕಕ್ಕೂ ನಿಗದಿಯಾದ ನಂಟಿಲ್ಲ. ಕಾರಿನ ಪುಸ್ತಕದಲ್ಲಿ ಬರೆದ ದರ್ಜೆಯದ್ದೇ ಹಾಕಬೇಕು.

ಆಮೇಲೆ ಉಪಕರಣಗಳು. ಸಾಕೆಟ್ ಸೆಟ್, ಬೋಲ್ಟನ್ನು ಎಷ್ಟು ಬಿಗಿದಿದ್ದೇವೆ ಅಂತ ತೋರಿಸುವ ಟಾರ್ಕ್ ರೆಂಚ್, ಜಾಕ್, ಜಾಕ್ ಸ್ಟ್ಯಾಂಡ್, ಕೂಲೆಂಟ್ ಹಿಡಿಯಲು ಅಗಲದ ಟ್ರೇ, ಬೆಲ್ಟ್ ಟೆನ್ಷನರ್ ತಿರುಗಿಸಲು ಉದ್ದ ಹಿಡಿಕೆ. ಇವೆಲ್ಲ ಮನೆಯಲ್ಲಿ ಆಗಲೇ ಇದ್ದರೆ ಖರ್ಚಿಲ್ಲ. ಇಲ್ಲದಿದ್ದರೆ ಮೊದಲ ಸಲದ ಉಳಿತಾಯವನ್ನು ಇವೇ ನುಂಗುತ್ತವೆ. ಮುಂದಿನ ಕೆಲಸಗಳಿಗೂ ಬರುವುದರಿಂದ ಅದನ್ನು ಪೂರ್ತಿ ನಷ್ಟ ಅನ್ನಲಾಗದು. ಆದರೆ ಒಂದೇ ಒಂದು ಪಂಪಿಗಾಗಿ ಕೊಳ್ಳುತ್ತಿದ್ದರೆ ಯೋಚಿಸಬೇಕು. ಟೈಮಿಂಗ್ ಲಾಕ್ ಮಾಡುವ ಉಪಕರಣ, ಕ್ರ್ಯಾಂಕ್ ಪುಲ್ಲಿ ಎಳೆಯುವ ಪುಲ್ಲರ್ ಇಂಥವು ಆ ಒಂದು ಎಂಜಿನ್ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಾರದಿರಬಹುದು. ಬಾಡಿಗೆಗೆ ಸಿಕ್ಕರೆ ತೆಗೆದುಕೊಳ್ಳಿ.

ಸಮಯದ ಲೆಕ್ಕವನ್ನೂ ನಿಜವಾಗಿ ಹಾಕಿಕೊಳ್ಳಿ. ಮೊದಲ ಸಲ ಮಾಡುವವರಿಗೆ ಗ್ಯಾರೇಜಿನ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಎರಡು ಗಂಟೆಯ ಕೆಲಸ ಅರ್ಧ ದಿನಕ್ಕೆ ಹೋಗುತ್ತದೆ. ಐದು ಗಂಟೆಯದ್ದು ಎರಡು ದಿನ. ಮಧ್ಯದಲ್ಲಿ ಒಂದು ಬೋಲ್ಟ್ ಮುರಿದರೆ, ಒಂದು ಹೋಸ್ ಬಿರಿದರೆ, ಸಾಮಾನು ತರಲು ಹೋಗಬೇಕು. ಆ ಹೊತ್ತಿಗೆ ನಿಮ್ಮ ಕಾರು ಬಿಚ್ಚಿ ಕೂತಿರುತ್ತದೆ. ಆಚೀಚೆ ಓಡಾಡಲು ಬೇರೆ ಗಾಡಿ ಇದೆಯಾ ಅಂತ ಮೊದಲೇ ನೋಡಿಕೊಂಡಿರಬೇಕು.

ಪಂಪಿನ ಗುಣಮಟ್ಟವೂ ಇಲ್ಲೇ ಬರುತ್ತದೆ. ಉಳಿತಾಯದ ಹುಮ್ಮಸ್ಸಿನಲ್ಲಿ ಎಲ್ಲಕ್ಕಿಂತ ಅಗ್ಗದ ಪಂಪ್ ಎತ್ತಿಕೊಳ್ಳುವವರು ಜಾಸ್ತಿ. ಪಂಪಿನ ಬೆಲೆ ಒಟ್ಟು ಖರ್ಚಿನ ಒಂದು ಪಾಲು ಮಾತ್ರ ಅಂತ ಈಗಾಗಲೇ ನೋಡಿದೆವು. ಹೆಸರಿಲ್ಲದ ಪಂಪ್ ಬೇಗ ಸೋರಿದರೆ ಅಂಗಡಿಯವರು ಬದಲಿಗೆ ಇನ್ನೊಂದು ಪಂಪನ್ನು ಉಚಿತವಾಗಿ ಕೊಡಬಹುದು. ನಿಮ್ಮ ಎರಡು ದಿನ, ಚೆಲ್ಲಿದ ಕೂಲೆಂಟ್ ಯಾರೂ ಕೊಡುವುದಿಲ್ಲ. ಕಾರು ಕಂಪನಿಯ ಒರಿಜಿನಲ್ ಆಗಲಿ, ಅವರಿಗೇ ಮಾಡಿಕೊಡುವ ತಯಾರಕರದ್ದಾಗಲಿ ತೆಗೆದುಕೊಳ್ಳಿ. ಪಂಪ್ ಎಷ್ಟು ಆಳದಲ್ಲಿದೆಯೋ ಅಷ್ಟು ಒಳ್ಳೆಯದನ್ನು ಹಾಕಬೇಕು.

ಲೆಕ್ಕ ಹಾಕಿ ನೋಡೋಣ

ದುಡ್ಡಿನ ಬೆಲೆ ಊರಿಂದ ಊರಿಗೆ ಬೇರೆ. ಹಾಗಾಗಿ ಗ್ಯಾರೇಜಿನ ಒಂದು ಗಂಟೆಯ ಲೇಬರನ್ನೇ ಒಂದು ಅಳತೆ ಅಂತ ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನಿಮ್ಮ ಕಾರಿನ ಅಂಕಿಗಳನ್ನು ಅಲ್ಲಿ ಕೂರಿಸಿಕೊಳ್ಳಿ.

ಹೊರಗಿನ ಬೆಲ್ಟಿನ ಪಂಪ್. ಲೇಬರ್ 2 ಅಳತೆ. ಪಂಪ್, ಗ್ಯಾಸ್ಕೆಟ್, ಕೂಲೆಂಟ್ ಸೇರಿ ಅಂಗಡಿ ಬೆಲೆ 2 ಅಳತೆ ಅನ್ನೋಣ. ಅದರ ಮೇಲೆ ಗ್ಯಾರೇಜಿನ ಲಾಭ ಅರ್ಧ ಅಳತೆ. ಒಟ್ಟು ನಾಲ್ಕೂವರೆ. ನೀವೇ ಮಾಡಿದರೆ 2. ಉಳಿತಾಯ ಎರಡೂವರೆ ಅಳತೆ. ಉಪಕರಣಕ್ಕೆ 1 ಅಳತೆ ಖರ್ಚಾದರೆ ಉಳಿಯುವುದು ಒಂದೂವರೆ. ನಿಮಗೆ ಐದು ಗಂಟೆ ಹಿಡಿಯಿತು ಅಂದುಕೊಳ್ಳಿ. ಉಪಕರಣ ಮೊದಲೇ ಇದ್ದವರಿಗೆ ಗಂಟೆಗೆ ಅರ್ಧ ಅಳತೆ ಗಿಟ್ಟಿತು. ಮೆಕ್ಯಾನಿಕ್ ಲೇಬರಿನ ಅರ್ಧ. ರಜೆಯ ದಿನ ಬಿಡುವಿದ್ದು, ಕೆಲಸದಲ್ಲಿ ಆಸಕ್ತಿ ಇದ್ದರೆ ಒಳ್ಳೆಯ ಸಂಪಾದನೆಯೇ.

ಈಗ ಟೈಮಿಂಗ್ ಬೆಲ್ಟಿನ ಪಂಪ್. ಲೇಬರ್ 5. ಕಿಟ್ ಮತ್ತು ಕೂಲೆಂಟ್ 4, ಲಾಭ 1. ಒಟ್ಟು 10. ನೀವೇ ಮಾಡಿದರೆ ಸಾಮಾನು 4, ವಿಶೇಷ ಉಪಕರಣ 2, ಒಟ್ಟು 6. ಉಳಿತಾಯ 4. ಕಾಗದದ ಮೇಲೆ ಇದು ಮೊದಲನೆಯದಕ್ಕಿಂತ ಜಾಸ್ತಿ ಲಾಭ. ಜನ ಮೋಸ ಹೋಗುವುದು ಇಲ್ಲೇ.

ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗೆ ಇಳಿಯುತ್ತದೆ. ಎರಡೂ ಡಿಕ್ಕಿ ಹೊಡೆಯದಂತೆ ಕಾಯುವುದು ಟೈಮಿಂಗ್ ಬೆಲ್ಟಿನ ಹಲ್ಲುಗಳು. ಬೆಲ್ಟ್ ಹಾಕುವಾಗ ಗುರುತುಗಳು ತಪ್ಪಿದರೆ, ಟೆನ್ಷನ್ ಸರಿ ಇಲ್ಲದೆ ಹಲ್ಲು ಜಾರಿದರೆ ವಾಲ್ವ್ ಬಾಗುತ್ತದೆ. ಆಗ ಸಿಲಿಂಡರ್ ಹೆಡ್ ಇಳಿಸಬೇಕು. ಅದರ ಖರ್ಚು 20 ಅಳತೆ ಅನ್ನೋಣ. ಮೊದಲ ಸಲ ಮಾಡುವವರು ಐದರಲ್ಲಿ ಒಬ್ಬರು ಎಡವುತ್ತಾರೆ ಅಂತ ಇಟ್ಟುಕೊಂಡರೆ, ಆ ಅಪಾಯದ ಬೆಲೆ 20ರ ಐದನೇ ಒಂದು ಭಾಗ, ಅಂದರೆ 4. ಉಳಿತಾಯವೂ 4. ಕೈಗೆ ಬಂದದ್ದು ಸೊನ್ನೆ. ಎರಡು ದಿನದ ದುಡಿಮೆ ಬೇರೆ. ಹತ್ತರಲ್ಲಿ ಒಬ್ಬರು ಅಂತ ಇಟ್ಟುಕೊಂಡರೆ ಅಪಾಯದ ಬೆಲೆ 2 ಆಗಿ, 2 ಉಳಿಯುತ್ತದೆ. ನಿಮ್ಮ ಕೈ ಎಷ್ಟು ಪಳಗಿದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಗ್ಯಾರೇಜಿಗೆ ಕೊಟ್ಟಾಗ ಈ ಅಪಾಯ ಅವರ ಹೆಗಲಿಗೆ ಹೋಗುತ್ತದೆ. ಐದು ಗಂಟೆಯ ಲೇಬರಿನೊಳಗೆ ಅದೂ ಸೇರಿದೆ.

ಇನ್ನೊಂದು ತಿರುವು ಇದೆ. ಕೂಲಿ ದುಬಾರಿ ಇರುವ ಕಡೆ ಬಿಲ್ಲಿನ ದೊಡ್ಡ ಪಾಲು ಲೇಬರ್, ಹಾಗಾಗಿ ನೀವೇ ಮಾಡಿದರೆ ತುಂಬಾ ಉಳಿಯುತ್ತದೆ. ಕೂಲಿ ಅಗ್ಗ ಇರುವ ಕಡೆ ಪಂಪ್ ಒಂದೇ ಏಳೆಂಟು ಗಂಟೆಯ ಲೇಬರಿಗೆ ಸಮ ಇರಬಹುದು. ಅಲ್ಲಿ ನೀವೇ ಮಾಡಿದರೂ ಬಿಲ್ಲಿನ ಚೂರು ಮಾತ್ರ ಉಳಿಯುತ್ತದೆ. ಬೇರೆಲ್ಲೋ ಇರುವವರ ಉಳಿತಾಯದ ಮಾತು ಕೇಳಿ ತೀರ್ಮಾನ ಮಾಡುವ ಮುನ್ನ ಇದನ್ನು ಗಮನಿಸಬೇಕು.

ಮಧ್ಯದ ದಾರಿಯೂ ಉಂಟು. ಸಾಮಾನು ನೀವೇ ಕೊಂಡು ಮೆಕ್ಯಾನಿಕ್ಕಿಗೆ ಕೊಡುವುದು. ಸಾಮಾನಿನ ಮೇಲಿನ ಲಾಭ ಉಳಿಯುತ್ತದೆ. ಆದರೆ ಪಂಪ್ ಸೋರಿದರೆ "ಸಾಮಾನು ನಿಮ್ಮದು" ಅನ್ನುತ್ತಾರೆ, ಅದು ನ್ಯಾಯವೂ ಹೌದು. ಹೊರಗಿನ ಪಂಪಿಗೆ ಇದು ನಡೆಯುತ್ತದೆ. ಒಳಗಿನ ಪಂಪಿಗೆ ಸಾಮಾನು, ಲೇಬರ್ ಎರಡರ ಹೊಣೆಯೂ ಒಬ್ಬರ ಮೇಲೇ ಇರುವುದು ಒಳ್ಳೆಯದು.

ಕೈ ಹಾಕುವುದಾದರೆ, ದುಡ್ಡು ಸೋರುವ ಜಾಗಗಳು

ಇದು ಪೂರ್ತಿ ಕೆಲಸದ ಪಾಠವಲ್ಲ. ಅದಕ್ಕೆ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಬೇಕೇ ಬೇಕು. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಎಲ್ಲಿ ಕಳೆದುಕೊಳ್ಳುತ್ತಾರೆ ಎಂಬುದಷ್ಟೇ ಇಲ್ಲಿದೆ.

ಪುಲ್ಲಿಯ ಬೋಲ್ಟುಗಳನ್ನು ಬೆಲ್ಟ್ ಇರುವಾಗಲೇ ಸಡಿಲಿಸಿ. ಬೆಲ್ಟ್ ಹಿಡಿದಿರುವುದರಿಂದ ಪುಲ್ಲಿ ತಿರುಗುವುದಿಲ್ಲ. ಬೆಲ್ಟ್ ತೆಗೆದ ಮೇಲೆ ಪ್ರಯತ್ನಿಸಿದರೆ ಪುಲ್ಲಿ ಸುಮ್ಮನೆ ಸುತ್ತುತ್ತದೆ. ಬೆಲ್ಟ್ ಹೋಗಿರುವ ದಾರಿಯ ಫೋಟೊ ತೆಗೆದಿಡಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರಬಹುದು. ಪಂಪಿನ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಬೋಲ್ಟುಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎಂಜಿನ್ ಬ್ಲಾಕೇ ಬಿರಿಯಬಹುದು.

ತುಕ್ಕು ಹಿಡಿದ ಬೋಲ್ಟನ್ನು ಬಲ ಹಾಕಿ ತಿರುಗಿಸಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ, ಸ್ವಲ್ಪ ಬಿಗಿದು ಸ್ವಲ್ಪ ಬಿಡುತ್ತಾ ಬನ್ನಿ. ಮುರಿದ ಬೋಲ್ಟ್ ತೆಗೆಯುವ ಖರ್ಚು ನೀವು ಉಳಿಸಿದ್ದಕ್ಕಿಂತ ಜಾಸ್ತಿ ಆದೀತು.

ಹಳೆಯ ಗ್ಯಾಸ್ಕೆಟ್ ಕೆರೆಯುವ ಕೆಲಸಕ್ಕೆ ತಾಳ್ಮೆ ಬೇಕು. ಬ್ಲಾಕ್ ಅಲ್ಯೂಮಿನಿಯಂ ಆಗಿದ್ದರೆ ಚೂಪು ಕಬ್ಬಿಣದಿಂದ ಕೆರೆದ ಗೀರೇ ನಾಳೆ ಸೋರುವ ದಾರಿ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಸಾಕು. ಹೊಸ ಪಂಪಿಗೆ ರಬ್ಬರ್ ಓ-ರಿಂಗ್ ಕೊಟ್ಟಿದ್ದರೆ ಅದರ ಮೇಲೆ ಸಿಲಿಕಾನ್ ಅಂಟು ಮೆತ್ತಬೇಡಿ. ಅಂಟು ಬೇಕು ಅಂತ ಮ್ಯಾನ್ಯುಯಲ್ ಹೇಳಿದ ಕಡೆಯೂ ತೆಳು ಗೆರೆ ಸಾಕು, ಮತ್ತು ಅದು ಗಟ್ಟಿಯಾಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಹೆಚ್ಚಾದದ್ದು ಒಳಗೆ ಕಿತ್ತುಬಂದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. 10ರ ಸ್ಪ್ಯಾನರ್ ಹಿಡಿಯುವ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಇದು ಕೈಗೆ ತುಂಬಾ ಕಡಿಮೆ ಅನ್ನಿಸುತ್ತದೆ. "ಇನ್ನೊಂದು ಸ್ವಲ್ಪ" ಅಂತ ಎಳೆದಾಗಲೇ ಥ್ರೆಡ್ ಹೋಗುವುದು. ಎಲ್ಲ ಬೋಲ್ಟನ್ನೂ ಕೈಯಲ್ಲಿ ಕೂರಿಸಿ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಯಿರಿ.

ಕೊನೆಯ ಹಂತದಲ್ಲೂ ಎಂಜಿನ್ ಹಾಳಾಗಬಹುದು. ಕೂಲೆಂಟ್ ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಪಂಪ್ ಗಾಳಿಯನ್ನು ಕಡೆಯುತ್ತದೆ, ಕೂಲೆಂಟ್ ಹರಿಯುವುದಿಲ್ಲ. ಟೆಂಪರೇಚರ್ ಸೆನ್ಸರ್ ಗಾಳಿಯ ಗುಳ್ಳೆಯಲ್ಲಿ ಕೂತಿದ್ದರೆ ಮೀಟರ್ ಸರಿಯಾದ ಬಿಸಿಯನ್ನೂ ತೋರಿಸುವುದಿಲ್ಲ. ಅಲ್ಯೂಮಿನಿಯಂ ಹೆಡ್ ಅಷ್ಟರಲ್ಲಿ ಬಾಗಿರುತ್ತದೆ. ಅದಕ್ಕೇ ನಿಧಾನವಾಗಿ ತುಂಬಿಸಬೇಕು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಡಬೇಕು. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ತೆರೆದು ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ಬಿಡಬೇಕು. ಎಂಜಿನ್ ಓಡಿಸಿ ಥರ್ಮೋಸ್ಟಾಟ್ ತೆರೆದುಕೊಳ್ಳುವವರೆಗೂ ಮೀಟರಿನ ಮೇಲೆ ಕಣ್ಣಿಟ್ಟಿರಬೇಕು. ಹೀಟರಿನಿಂದ ಬಿಸಿ ಗಾಳಿ ಒಂದೇ ಸಮನೆ ಬರತೊಡಗಿದರೆ, ಕೆಳಗಿನ ಹೋಸೂ ಬಿಸಿಯಾದರೆ, ಕೂಲೆಂಟ್ ಹರಿಯುತ್ತಿದೆ ಅಂತ ಲೆಕ್ಕ.

ಇಳಿಸಿದ ಹಳೆಯ ಕೂಲೆಂಟನ್ನು ನೆಲಕ್ಕೋ ಚರಂಡಿಗೋ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳೂ ಬಾಯಿಗಿಟ್ಟುಕೊಳ್ಳಬಹುದು. ಸ್ವಲ್ಪವೇ ಸಾಕು ಕಿಡ್ನಿ ಹೋಗಲು. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹೆಸರು ಬರೆದು, ಇಂಥ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೋ ಗ್ಯಾರೇಜಿಗೋ ಕೊಡಿ.

ಹೊಸ ಪಂಪ್ ಹಾಕಿದ ಮೊದಲ ಕೆಲವು ದಿನ, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡುತ್ತಿರಿ. ಒಳಗೆ ಉಳಿದಿದ್ದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿಯುವುದು ಸಹಜ, ತುಂಬಿಸಿದರಾಯಿತು. ಹೊಸ ಸೀಲ್ ಹೊಂದಿಕೊಳ್ಳುವಾಗ ಆ ತೂತಿನ ಬಳಿ ತೇವದ ಗುರುತು ಕಂಡು ನಿಂತುಹೋದರೂ ಗಾಬರಿ ಬೇಡ. ಮಟ್ಟ ಇಳಿಯುತ್ತಲೇ ಇದ್ದರೆ, ಹನಿ ನಿಲ್ಲದಿದ್ದರೆ, ಮತ್ತೆ ಬಿಚ್ಚಬೇಕು. ಪಂಪ್ ಕೊಂಡ ಬಿಲ್, ಹಾಕಿದ ದಿನಾಂಕ, ಆಗಿನ ಕಿಲೋಮೀಟರ್ ಬರೆದಿಟ್ಟಿದ್ದರೆ ಅಂಗಡಿಯವರಿಂದ ಕನಿಷ್ಠ ಪಂಪಿನ ದುಡ್ಡಾದರೂ ವಾಪಸ್ ಕೇಳಬಹುದು.